ಪೆನ್ಸಿಲಿಗಿಂತ ಮೊದಲು ಕೈ ಬಲಿಯಲಿ

ಸಂಜೆ ಏಳರ ಹೊತ್ತಿಗೆ ನಮ್ಮ ಪಕ್ಕದ ಮನೆಯಿಂದ ದಿನವೂ ಒಂದೇ ಬಗೆಯ ಸದ್ದು ಕೇಳಿ ಬರುತ್ತಿತ್ತು. ಮೊದಲು ತಾಯಿಯ ಮೆಲುದನಿ: "ಬರಿ ಮಗಾ, ಇನ್ನು ಎರಡೇ ಸಾಲು." ಸ್ವಲ್ಪ ಹೊತ್ತಿಗೆ ಆ ದನಿ ಏರುತ್ತಿತ್ತು. ಆಮೇಲೆ ಒಂದು ಏಟು. ಅದರ ಬೆನ್ನಿಗೇ ಅಳು. "ಉಮ್ಮಾ, ಕೈ ನೋಯುತ್ತದೆ" ಎಂದು ಹುಡುಗ ಹೇಳಿದರೆ, "ಮೊಬೈಲ್ ಹಿಡಿಯುವಾಗ ಕೈ ನೋಯುವುದಿಲ್ಲವಾ?" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಹುಡುಗನಿಗೆ ಆಗ ನಾಲ್ಕೂವರೆ ವರ್ಷ. ಎಲ್‌ಕೆಜಿ. ಮಾತಿನಲ್ಲಿ ಬಲು ಚುರುಕು. ಒಮ್ಮೆ ಕೇಳಿದ ಕತೆಯನ್ನು ಮರುದಿನ ಒಂದು ಮಾತೂ ತಪ್ಪದೆ ಹೇಳುತ್ತಿದ್ದ. ಆದರೆ ಪೆನ್ಸಿಲ್ ಕೈಗೆ ಬಂದರೆ ಮುಖ ಬಾಡುತ್ತಿತ್ತು. ಮುಷ್ಟಿ ಕಟ್ಟಿ ಹಿಡಿದು ಒತ್ತಿದರೆ ಹಾಳೆ ಹರಿಯುತ್ತಿತ್ತು, ಇಲ್ಲವೇ ಮೊನೆ ಮುರಿಯುತ್ತಿತ್ತು. ಕತ್ತರಿಯನ್ನಂತೂ ಎರಡೂ ಕೈಯಲ್ಲಿ ಹಿಡಿದು ಕಾಗದವನ್ನು ಜಗ್ಗುತ್ತಿದ್ದ. ಡೈರಿಯಲ್ಲಿ ಟೀಚರ್ ಬರೆದು ಕಳಿಸಿದ ಒಂದು ಪದ ಆ ತಾಯಿಯ ನಿದ್ದೆಗೆಡಿಸಿತ್ತು: ಸೋಮಾರಿ.

ಒಂದು ದಿನ ಆಕೆ ನಮ್ಮ ಮನೆಗೆ ಬಂದು ಕುಳಿತು ಕಣ್ಣೊರೆಸಿಕೊಂಡಳು. "ಅಕ್ಕಾ, ಈಗ ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆನೋವು ಅನ್ನುತ್ತಾನೆ. ರಜೆಯ ದಿನ ಹೊಟ್ಟೆನೋವು ಇಲ್ಲ. ನಿನ್ನೆ ಅವನೇ ಕೇಳಿದ, ಉಮ್ಮಾ, ನಾನು ದಡ್ಡನಾ ಅಂತ. ನಾನು ಏನು ಹೇಳಲಿ?"

ಪ್ರಿಯ ಓದುಗರೇ, ಈ ಸದ್ದು ನಿಮ್ಮ ಮನೆಯಿಂದಲೂ ಕೇಳಿ ಬರುತ್ತಿದೆಯೇ? ಹಾಗಿದ್ದರೆ ಈ ಬರಹ ನಿಮಗಾಗಿಯೇ. ಹುಡುಗನ ಹೊಟ್ಟೆಯಲ್ಲಿ ನೋವಿತ್ತೋ ಇಲ್ಲವೋ, ಮನಸ್ಸಿನಲ್ಲಿ ಮಾತ್ರ ಖಂಡಿತ ಇತ್ತು. ಅಕ್ಷರ ತಡವಾಗಿ ಬಂದರೆ ನಷ್ಟವಿಲ್ಲ. 'ನಾನು ದಡ್ಡ' ಎಂಬ ನಂಬಿಕೆ ನಾಲ್ಕನೇ ವಯಸ್ಸಿನಲ್ಲೇ ಬೇರು ಬಿಟ್ಟರೆ ಅದನ್ನು ಕೀಳಲು ಎಷ್ಟೋ ವರ್ಷ ಬೇಕಾಗುತ್ತದೆ.

ಕೈಯೊಳಗೆ ಏನು ನಡೆಯುತ್ತದೆ?

ಬರೆಯುವುದು ಎಂದರೆ ಬೆರಳಿನ ಕೆಲಸ ಎಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಅದು ಇಡೀ ದೇಹದ ಕೆಲಸ. ಬೆನ್ನು ನೆಟ್ಟಗೆ ನಿಲ್ಲಬೇಕು, ಭುಜ ಅಲುಗದೆ ಇರಬೇಕು, ಮಣಿಕಟ್ಟು ಆಧಾರ ಕೊಡಬೇಕು, ಆಮೇಲೆ ಬೆರಳು ಓಡಬೇಕು. ಕಣ್ಣು ನೋಡಿದ್ದನ್ನು ಮಿದುಳು ಗ್ರಹಿಸಿ ಕೈಗೆ ಆಜ್ಞೆ ಕೊಡಬೇಕು. ಮಗುವಿನ ದೇಹದಲ್ಲಿ ಹಿಡಿತ ಬರುವುದೂ ಇದೇ ಕ್ರಮದಲ್ಲಿ. ಮೊದಲು ಕತ್ತು ನಿಲ್ಲುತ್ತದೆ, ಆಮೇಲೆ ಬೆನ್ನು, ಭುಜ, ಮೊಣಕೈ. ಬೆರಳ ತುದಿಯ ಸರದಿ ಎಲ್ಲಕ್ಕಿಂತ ಕೊನೆಗೆ.

ದೊಡ್ಡವರ ಒಂದು ಕೈಯಲ್ಲಿ 27 ಮೂಳೆಗಳಿವೆ. ಅದರಲ್ಲಿ ಎಂಟು ಮಣಿಕಟ್ಟಿನಲ್ಲಿವೆ. ಆಗ ತಾನೇ ಹುಟ್ಟಿದ ಮಗುವಿನ ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ ಈ ಎಂಟರಲ್ಲಿ ಒಂದೂ ಸಾಮಾನ್ಯವಾಗಿ ಕಾಣುವುದಿಲ್ಲ. ಅವೆಲ್ಲ ಇನ್ನೂ ಮೆದು ಎಲುಬಿನ ಸ್ಥಿತಿಯಲ್ಲಿರುತ್ತವೆ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತಾ ಬಂದು, ಕೊನೆಯದು ಮೂಡಲು ಒಂಬತ್ತು ಹತ್ತು ವರ್ಷ ದಾಟುವುದೂ ಉಂಟು. ನಾಲ್ಕು ವರ್ಷದ ಮಗು "ಕೈ ನೋಯುತ್ತದೆ" ಎಂದಾಗ ಅದು ನೆಪವೇ ಆಗಿರಬೇಕೆಂದಿಲ್ಲ. ಕೈ ಇನ್ನೂ ತಯಾರಾಗುತ್ತಿದೆ.

ಮೊಬೈಲಿನ ಮಾತಿಗೆ ಬರೋಣ. ಪರದೆಯ ಮೇಲೆ ಒಂದು ಬೆರಳನ್ನು ಜಾರಿಸಲು ಬಲ ಬೇಡ, ಹಿಡಿತ ಬೇಡ, ಇನ್ನೊಂದು ಕೈಯ ನೆರವೂ ಬೇಡ. ಪೆನ್ಸಿಲ್ ಮತ್ತು ಕತ್ತರಿಗೆ ಈ ಮೂರೂ ಬೇಕು. ಆದ್ದರಿಂದ ಮೊಬೈಲ್ ಹಿಡಿದವನಿಗೆ ಕೈ ನೋಯದಿರುವುದು ಸಹಜವೇ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆ ಹೊತ್ತು ಕೈಗೆ ಸಿಗಬೇಕಾಗಿದ್ದ ಕೆಲಸವನ್ನು ಪರದೆ ಕಸಿದುಕೊಳ್ಳುತ್ತದೆ ಎಂಬುದೇ ಇಲ್ಲಿನ ಚಿಂತೆ.

ಯಾವ ವಯಸ್ಸಿಗೆ ಯಾವ ಗೆರೆ?

ಮಕ್ಕಳು ಗೆರೆ ಎಳೆಯುವುದಕ್ಕೂ ಒಂದು ಮೆಟ್ಟಿಲಿದೆ. ಸುಮಾರು ಎರಡು ವರ್ಷಕ್ಕೆ ನೀವು ಎಳೆದು ತೋರಿಸಿದ ನೆಟ್ಟಗಿನ ಗೆರೆಯನ್ನು ಮಗು ಎಳೆಯುತ್ತದೆ. ಎರಡೂವರೆಗೆ ಅಡ್ಡ ಗೆರೆ. ಮೂರಕ್ಕೆ ವೃತ್ತ. ನಾಲ್ಕಕ್ಕೆ ಕೂಡಿಸುವ ಚಿಹ್ನೆ. ನಾಲ್ಕೂವರೆಯ ಆಸುಪಾಸಿಗೆ ಚೌಕ. ಐದಕ್ಕೆ ತ್ರಿಕೋನ. ವಜ್ರದ ಆಕಾರ ಬರುವುದು ಆರು ಏಳು ವರ್ಷಕ್ಕೆ. ಒಂದು ಮಗು ಆರು ತಿಂಗಳು ಮುಂದಿದ್ದರೆ ಇನ್ನೊಂದು ಆರು ತಿಂಗಳು ಹಿಂದಿರಬಹುದು. ಆದರೆ ಮೆಟ್ಟಿಲ ಕ್ರಮ ಹೆಚ್ಚಾಗಿ ಇದೇ.

ಈಗ ನಿಮ್ಮ ಮಗುವಿನ ಪುಸ್ತಕ ತೆರೆದು ನೋಡಿ. ಮೂರೂವರೆ ವರ್ಷದ ಮಗುವಿಗೆ ಮೊದಲ ದಿನವೇ ಕೊಡುವ ಅಕ್ಷರ ಯಾವುದು? ಇಂಗ್ಲಿಷಿನ 'ಎ'. ಅದರಲ್ಲಿ ಎರಡು ಓರೆ ಗೆರೆಗಳಿವೆ. ಓರೆ ಗೆರೆ ಐದರ ಹೊತ್ತಿಗೆ ಒಲಿಯುವಂಥದ್ದು! 'ಎಲ್', 'ಟಿ', 'ಎಚ್' ಇವೆಲ್ಲ ನೇರ ಗೆರೆಗಳ ಅಕ್ಷರಗಳು, ಎಷ್ಟೋ ಸುಲಭ. ಹಾಡಿನ ಕ್ರಮದಲ್ಲಿ ಅಕ್ಷರ ಹೇಳಲು ಕಲಿಯಲಿ, ಬೇಡವೆನ್ನುವುದಿಲ್ಲ. ಬರೆಯುವ ಕ್ರಮವೂ ಅದೇ ಆಗಿರಬೇಕೆಂಬ ನಿಯಮ ಎಲ್ಲೂ ಇಲ್ಲ.

ಕನ್ನಡದಲ್ಲಿ ಇದನ್ನು ನಮ್ಮ ಸರಕಾರಿ ಶಾಲೆಗಳು ಎಂದೋ ಅರಿತುಕೊಂಡಿವೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ 'ನಲಿಕಲಿ' ಪದ್ಧತಿಯಲ್ಲಿ ಮಕ್ಕಳು ಅ, ಆ, ಇ, ಈ ಎಂದು ಶುರು ಮಾಡುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭಿಸುತ್ತಾರೆ. 'ರ' ಬರೆಯಲು ಬೇಕಾದುದು ಒಂದು ಸುತ್ತು ಮತ್ತು ಒಂದು ತಲೆಕಟ್ಟು. 'ಈ' ಬರೆಯಲು ಎಷ್ಟು ತಿರುವು ಬೇಕೆಂದು ನೀವೇ ಒಮ್ಮೆ ಬರೆದು ನೋಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಕರೆದು, ಆಟದ ಮೂಲಕವೇ ಕಲಿಕೆ ನಡೆಯಬೇಕೆಂದು ಹೇಳಿದೆ.

ಮದರಸಕ್ಕೆ ಹೋಗುವ ನಮ್ಮ ಮಕ್ಕಳಿಗೆ ಇನ್ನೊಂದು ಹೊರೆಯೂ ಇದೆ. ಬೆಳಗ್ಗೆ ಬಲದಿಂದ ಎಡಕ್ಕೆ ಅರಬಿ, ಹತ್ತು ಗಂಟೆಗೆ ಎಡದಿಂದ ಬಲಕ್ಕೆ ಕನ್ನಡ ಮತ್ತು ಇಂಗ್ಲಿಷ್. ಇಷ್ಟನ್ನು ಸಂಭಾಳಿಸುವ ಪುಟ್ಟ ತಲೆಯನ್ನು ಮೆಚ್ಚಬೇಕು. ಮಗು ಒಂದೊಮ್ಮೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದರೆ ಗಾಬರಿ ಬೀಳಬೇಡಿ. ಒಂದೇ ಲಿಪಿ ಕಲಿಯುವ ಮಕ್ಕಳೂ ಏಳು ವರ್ಷದವರೆಗೆ ಹೀಗೆ ಮಾಡುವುದುಂಟು. ಪುಸ್ತಕದ ಯಾವ ಬದಿಯಿಂದ ಆರಂಭಿಸಬೇಕೋ ಅಲ್ಲಿ ಒಂದು ಹಸಿರು ಚುಕ್ಕಿ ಇಟ್ಟುಕೊಡಿ, ಸಾಕು. ಅಂದ ಹಾಗೆ ಅಲಿಫ್ ಒಂದು ನೆಟ್ಟಗಿನ ಗೆರೆ. ಮಗುವಿನ ಕೈಗೆ ಮೊಟ್ಟಮೊದಲು ಒಲಿಯುವುದೇ ಆ ಗೆರೆ. ಬಾ ಎಂಬುದು ಒಂದು ದೋಣಿ, ಕೆಳಗೊಂದು ಚುಕ್ಕಿ. ಹೀಗೆ ಚಿತ್ರದಂತೆ ತೋರಿಸಿದರೆ ಮಗುವಿಗೆ ಭಯವೇ ಇರುವುದಿಲ್ಲ.

ಅಡುಗೆ ಮನೆಯೇ ಪಾಠಶಾಲೆ

ಇಟಲಿಯ ವೈದ್ಯೆ ಮರಿಯಾ ಮಾಂಟೆಸರಿ 1907ರಲ್ಲಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ತೆರೆದರು. ಅಲ್ಲಿ ಮಕ್ಕಳು ನೀರು ಸುರಿಯುತ್ತಿದ್ದರು, ಗುಂಡಿ ಹಾಕುತ್ತಿದ್ದರು, ಮೇಜು ಒರೆಸುತ್ತಿದ್ದರು, ಉಪ್ಪುಕಾಗದದಿಂದ ಮಾಡಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದರು. ಕೈ ಪಳಗಿದ ಮೇಲೆ ಬರವಣಿಗೆ ತಾನಾಗಿ ಬರುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಆಕೆ 1939ರಲ್ಲಿ ಭಾರತಕ್ಕೆ ಬಂದವರು, ಮಹಾಯುದ್ಧದ ಕಾರಣ ಇಲ್ಲೇ ಉಳಿದು 1946ರವರೆಗೆ ನಮ್ಮ ಶಿಕ್ಷಕರಿಗೆ ತರಬೇತಿ ಕೊಟ್ಟರು.

ಅವರ ಶಾಲೆಯ ದುಬಾರಿ ಸಾಮಾನು ನಮಗೆ ಬೇಡ. ಬೇಕಾದುದೆಲ್ಲ ನಮ್ಮ ಅಡುಗೆ ಮನೆಯಲ್ಲೇ ಇದೆ.

ಭುಜಕ್ಕೆ: ಗೋಡೆಯೇ ಒಳ್ಳೆಯ ಪುಸ್ತಕ. ಸ್ಲೇಟನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಗೋಡೆಗೆ ತೂಗು ಹಾಕಿ, ನಿಂತು ಬರೆಯಲಿ. ಸಣ್ಣ ಬಕೆಟ್ಟಿನಲ್ಲಿ ನೀರು, ಒಂದು ಹಳೆಯ ಬ್ರಷ್ ಕೊಟ್ಟು ಅಂಗಳದ ಗೋಡೆಗೆ 'ಬಣ್ಣ' ಹೊಡೆಯಲು ಹೇಳಿ. ಒಣಗಿದರೆ ಮತ್ತೆ ಹೊಡೆಯಲಿ. ನೆಲ ಒರೆಸಲಿ, ಅಂಬೆಗಾಲಿಟ್ಟು ಆನೆಯಾಗಲಿ, ಮರದ ಕೊಂಬೆಗೆ ಜೋತಾಡಲಿ. ಆಡಿ ಬಂದ ಮಗುವಿನ ಭುಜ ಬಲಿಯುತ್ತದೆ.

ಅಂಗೈಗೆ: ಪತ್ತಿರಿ ಅಥವಾ ಚಪಾತಿಗೆ ಕಲಸಿದ ಹಿಟ್ಟಿನಲ್ಲಿ ಒಂದು ಉಂಡೆ ಮಗುವಿಗೂ ಕೊಡಿ. ನಾದಲಿ, ಉದ್ದ ಹಾವು ಮಾಡಲಿ, ಹಾವನ್ನು ಚಿವುಟಿ ಸಣ್ಣ ಸಣ್ಣ ಗೋಲಿ ಮಾಡಲಿ. ನೀರಿಗೆ ಅದ್ದಿದ ಸ್ಪಂಜನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಿಂಡಲಿ. ತನ್ನ ಕರವಸ್ತ್ರವನ್ನು ತಾನೇ ಒಗೆದು ಹಿಂಡಲಿ.

ಬೆರಳಿಗೆ: ಬಟಾಣಿ ಸುಲಿಯುವುದು, ಬೇಯಿಸಿದ ನೆಲಗಡಲೆಯ ಸಿಪ್ಪೆ ಬಿಡಿಸುವುದು, ಬೆಳ್ಳುಳ್ಳಿ ಎಸಳು ಬೇರ್ಪಡಿಸುವುದು, ಕೊತ್ತಂಬರಿ ಸೊಪ್ಪಿನ ಎಲೆ ಕೀಳುವುದು. ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪನ್ನು ಒತ್ತಿ ಬಿಡುವುದಂತೂ ಕತ್ತರಿಗೂ ಪೆನ್ಸಿಲಿಗೂ ಒಳ್ಳೆಯ ತಯಾರಿ. ಒಣಗಿಸಲು ಹಾಕುವ ಕರ್ಚೀಫು, ಕಾಲುಚೀಲಗಳ ಉಸ್ತುವಾರಿಯನ್ನು ಮಗುವಿಗೇ ವಹಿಸಿಬಿಡಿ. ಹಬ್ಬದ ದಿನಗಳಲ್ಲಿ ಮದರಂಗಿಯ ಕೋನಿನಂಥ ಒಂದು ಪೊಟ್ಟಣಕ್ಕೆ ತೆಳ್ಳಗಿನ ಹಿಟ್ಟು ತುಂಬಿ ತಟ್ಟೆಯ ಮೇಲೆ ಗೆರೆ ಎಳೆಸಿ. ಹುಡುಗರೂ ಇಷ್ಟಪಡುತ್ತಾರೆ.

ಎರಡು ಕೈಗಳ ಹೊಂದಾಣಿಕೆಗೆ: ಬಾಟಲಿಯ ಮುಚ್ಚಳ ತಿರುಗಿಸುವುದು, ಅಂಗಿಯ ಗುಂಡಿ ಹಾಕುವುದು, ದೊಡ್ಡ ಮಣಿ ಪೋಣಿಸುವುದು. ಬರೆಯುವಾಗ ಒಂದು ಕೈ ಬರೆದರೆ ಇನ್ನೊಂದು ಹಾಳೆ ಹಿಡಿಯಬೇಕು. ಕತ್ತರಿಸುವಾಗಲೂ ಅಷ್ಟೇ. ನಾವು ಅವಸರಕ್ಕೆ ಬಿದ್ದು ಗುಂಡಿ ನಾವೇ ಹಾಕುತ್ತೇವೆ, ಟಿಫಿನ್ ಡಬ್ಬಿ ನಾವೇ ತೆರೆದು ಕೊಡುತ್ತೇವೆ, ತುತ್ತು ಕೂಡ ನಾವೇ ಇಡುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ ನಿಜ. ಆದರೆ ಅದರಿಂದ ಮಗುವಿನ ಕೈಗೆ ಸಿಗಬೇಕಾಗಿದ್ದ ವ್ಯಾಯಾಮ ತಪ್ಪುತ್ತದೆ.

ಒಂದು ಎಚ್ಚರಿಕೆ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಮಣಿ, ಕಡಲೆ, ಬಟಾಣಿಯಂಥ ಸಣ್ಣ ವಸ್ತುಗಳನ್ನು ಕೊಡಬೇಡಿ. ದೊಡ್ಡ ಮಗು ಆಡುತ್ತಿರುವಾಗ ತೆವಳುವ ತಂಗಿಯೋ ತಮ್ಮನೋ ಅದನ್ನು ಬಾಯಿಗೆ ಹಾಕಿಕೊಳ್ಳದಂತೆಯೂ ನೋಡಿಕೊಳ್ಳಿ. ಉಸಿರಿನ ಕೊಳವೆಗೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ.

ಪೆನ್ಸಿಲ್ ಹಿಡಿಯುವ ಬಗೆ

ಒಂದೂವರೆ ವರ್ಷದ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಎರಡು ಮೂರು ವರ್ಷಕ್ಕೆ ಎಲ್ಲ ಬೆರಳೂ ಕೆಳಮುಖವಾಗಿ ಹಿಡಿಯುತ್ತವೆ. ಮೂರೂವರೆ ನಾಲ್ಕಕ್ಕೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರುತ್ತವೆ, ಆದರೆ ಓಡುವುದು ಇಡೀ ಕೈ. ಬೆರಳುಗಳೇ ಸಲೀಸಾಗಿ ಓಡಲು ನಾಲ್ಕೂವರೆಯಿಂದ ಆರು ವರ್ಷ ಬೇಕು.

ಹಿಡಿತ ತಿದ್ದಲು ಗದರುವ ಅಗತ್ಯವಿಲ್ಲ. ಒಂದು ಸುಲಭ ಉಪಾಯವಿದೆ. ಕ್ರೆಯಾನನ್ನು ಮುರಿದು ಒಂದು ಅಂಗುಲದ ತುಂಡು ಮಾಡಿ ಕೊಡಿ. ಅಷ್ಟು ಚಿಕ್ಕ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ. ಬೆರಳ ತುದಿಯಲ್ಲೇ ಹಿಡಿಯಬೇಕು. ಬಳಪದ ತುಂಡೂ ಆದೀತು. ಹಿಂದೆ ನಾವೆಲ್ಲ ಮುರಿದ ಬಳಪದಲ್ಲಿ ಸ್ಲೇಟಿನ ಮೇಲೆ ಬರೆದೇ ಕಲಿತವರು. ಅದು ಬಡತನದ ಲಕ್ಷಣವಾಗಿರಲಿಲ್ಲ, ಬೆರಳಿಗೆ ಒಳ್ಳೆಯ ಪಾಠವಾಗಿತ್ತು! ಇನ್ನೊಂದು ಉಪಾಯ, ಕಿರುಬೆರಳು ಮತ್ತು ಉಂಗುರ ಬೆರಳಿನ ನಡುವೆ ಒಂದು ಚೂರು ಹತ್ತಿಯನ್ನು ಹಿಡಿದುಕೊಳ್ಳಲು ಕೊಡುವುದು. ಆಗ ಆ ಎರಡು ಬೆರಳು ಮಡಚಿರುತ್ತವೆ, ಉಳಿದ ಮೂರು ಕೆಲಸ ಮಾಡುತ್ತವೆ.

ಕೂರುವ ಭಂಗಿಯೂ ಮುಖ್ಯ. ಕುರ್ಚಿಯಲ್ಲಿ ಕೂತರೆ ಪಾದ ನೆಲಕ್ಕೆ ತಾಗಬೇಕು. ತಾಗದಿದ್ದರೆ ಕಾಲ ಕೆಳಗೆ ಒಂದು ಮಣೆ ಇಡಿ. ಮೇಜು ಮೊಣಕೈಯ ಎತ್ತರಕ್ಕಿರಲಿ. ಹಾಳೆಯನ್ನು ತುಸು ಓರೆಯಾಗಿ ಇಡಿ. ಬಲಗೈಯಲ್ಲಿ ಬರೆಯುವ ಮಗುವಿಗೆ ಹಾಳೆಯ ಮೇಲ್ತುದಿ ಎಡಕ್ಕೆ, ಎಡಗೈಯವರಿಗೆ ಬಲಕ್ಕೆ ವಾಲಿರಬೇಕು.

ಅಕ್ಷರವನ್ನು ಮೊದಲು ದೊಡ್ಡದಾಗಿ ಗಾಳಿಯಲ್ಲಿ, ಆಮೇಲೆ ತಟ್ಟೆಗೆ ಹರಡಿದ ರವೆಯಲ್ಲಿ ಬೆರಳಿನಿಂದ, ಅನಂತರ ಸ್ಲೇಟಿನಲ್ಲಿ, ಕೊನೆಗೆ ಪುಸ್ತಕದಲ್ಲಿ ಬರೆಸಿ. ಒಂದು ಸಲಕ್ಕೆ ಐದು ಹತ್ತು ನಿಮಿಷ ಸಾಕು. ಒಂದು ಪುಟ ತುಂಬ ಕೆಟ್ಟದಾಗಿ ಬರೆಯುವುದಕ್ಕಿಂತ ಮೂರು ಅಕ್ಷರ ಸರಿಯಾಗಿ ಬರೆಯುವುದು ಮೇಲು. ಬರೆದ ಮೇಲೆ ತಪ್ಪಿಗೆ ಕೆಂಪು ಗೆರೆ ಎಳೆಯುವ ಬದಲು, "ಇದರಲ್ಲಿ ನಿನಗೆ ಯಾವುದು ಚೆಂದ ಕಾಣುತ್ತದೆ?" ಎಂದು ಕೇಳಿ. ಮಗುವೇ ಒಂದನ್ನು ಆರಿಸಿ ತೋರಿಸುತ್ತದೆ.

ಎಡಗೈಯ ಮಗುವೇ?

ನೂರು ಜನರಲ್ಲಿ ಸುಮಾರು ಹತ್ತು ಮಂದಿ ಎಡಗೈಯವರು. ಅದು ಮಿದುಳಿನ ಬೆಳವಣಿಗೆಗೆ ಸೇರಿದ ವಿಷಯ, ಕೆಟ್ಟ ಅಭ್ಯಾಸವಲ್ಲ. ನಮ್ಮ ಮನೆಗಳಲ್ಲಿ ಊಟಕ್ಕೆ ಬಲಗೈ ಬಳಸಬೇಕೆಂದು ಮಕ್ಕಳಿಗೆ ಕಲಿಸುತ್ತೇವೆ. ಅದನ್ನು ಪ್ರೀತಿಯಿಂದ, ನಿಧಾನವಾಗಿ ಕಲಿಸಿ. ಆದರೆ ಬರೆಯುವ ಕೈಯನ್ನು ಬದಲಿಸಲು ಹೋಗಬೇಡಿ. ಎಡಗೈಗೆ ಹೊಡೆದು ಬಲಗೈಗೆ ಪೆನ್ಸಿಲ್ ತುರುಕುವುದರಿಂದ ಅಕ್ಷರ ಕೆಡುತ್ತದೆ, ಮಗುವಿನ ಮನಸ್ಸೂ ಮುದುಡುತ್ತದೆ. ಯಾವ ಕೈ ಎಂಬುದು ಖಚಿತವಾಗಲು ಕೆಲವು ಮಕ್ಕಳಿಗೆ ಐದಾರು ವರ್ಷ ಬೇಕಾಗಬಹುದು. ವಸ್ತುಗಳನ್ನು ಮಗುವಿನ ಮುಂದೆ ನಡುವಿನಲ್ಲಿಡಿ, ಕೈಯನ್ನು ಅದೇ ಆರಿಸಿಕೊಳ್ಳಲಿ.

ಕತ್ತರಿಯ ವಿಷಯದಲ್ಲಿ ಎಡಗೈಯ ಮಕ್ಕಳಿಗೆ ಇನ್ನೊಂದು ಕಷ್ಟ. ಸಾಮಾನ್ಯ ಕತ್ತರಿಯನ್ನು ಬಲಗೈಗೆಂದೇ ಮಾಡಿರುತ್ತಾರೆ. ಎಡಗೈಯಲ್ಲಿ ಹಿಡಿದರೆ ಅಲಗು ಗೆರೆಯನ್ನು ಮರೆಮಾಡುತ್ತದೆ, ಅಲಗುಗಳು ಒಂದಕ್ಕೊಂದು ತಾಗದೆ ಕಾಗದ ನಡುವೆ ಮಡಚಿಕೊಳ್ಳುತ್ತದೆ. ನಾವು "ಇವನಿಗೆ ಕತ್ತರಿಸಲೂ ಬಾರದು" ಎನ್ನುತ್ತೇವೆ. ತಪ್ಪು ಕತ್ತರಿಯದು! ಎಡಗೈ ಕತ್ತರಿಗಳು ಈಗ ದೊಡ್ಡ ಪೇಟೆಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ.

ಕತ್ತರಿ ಕಲಿಸುವುದು ಹೇಗೆ?

ಕತ್ತರಿ ಎಂದರೆ ಅನೇಕ ಹೆತ್ತವರಿಗೆ ಭಯ. ಆದರೆ ಕತ್ತರಿ ಹಿಡಿಯುವ ಕೈ ಪೆನ್ಸಿಲಿಗೂ ಪಳಗುತ್ತದೆ. ಎರಡರಿಂದ ಎರಡೂವರೆ ವರ್ಷದ ಮಗು ಕತ್ತರಿಯ ಬಾಯಿ ತೆರೆದು ಮುಚ್ಚಿ, ಅಂಚಿನಲ್ಲಿ ಒಂದೊಂದು ಕಚ್ಚು ಹಾಕಬಲ್ಲದು. ಮೂರರ ಹೊತ್ತಿಗೆ ಕಾಗದವನ್ನು ಎರಡು ತುಂಡು ಮಾಡೀತು. ನಾಲ್ಕರ ಹೊತ್ತಿಗೆ ನೇರ ಗೆರೆಯ ಮೇಲೆ, ನಾಲ್ಕೂವರೆ ಐದಕ್ಕೆ ವೃತ್ತ, ಐದಾರಕ್ಕೆ ಚೌಕ ಮತ್ತು ಬೇರೆ ಆಕಾರ.

ಮೊನೆ ದುಂಡಾಗಿರುವ ಮಕ್ಕಳ ಕತ್ತರಿಯನ್ನೇ ಕೊಡಿ. ಹೊಲಿಗೆಯ ಕತ್ತರಿ ಬೇಡ. ಹಾಗೆಂದು ಕಾಗದವನ್ನೇ ಕತ್ತರಿಸದ ಮೊಂಡು ಪ್ಲಾಸ್ಟಿಕ್ ಕತ್ತರಿಯೂ ಬೇಡ, ಮಗುವಿಗೆ ಬೇಸರವೇ ಬರುತ್ತದೆ. ಮೊದಲು ಕಾಗದ ಹರಿಯುವ ಆಟವಾಡಲಿ. ಆಮೇಲೆ ಇಕ್ಕುಳದಿಂದ ಹತ್ತಿ ಉಂಡೆ ಎತ್ತಿಡಲಿ. ಅನಂತರ ಕತ್ತರಿ.

ಯಾವ ಕಾಗದ? ತೆಳ್ಳಗಿನ ಕಾಗದ ಸುಲಭ ಎಂದು ನಾವು ತಿಳಿಯುತ್ತೇವೆ. ಪತ್ರಿಕೆಯ ಹಾಳೆ ಮಗುವಿನ ಕೈಯಲ್ಲಿ ಬಾಗುತ್ತದೆ, ಮುದುಡುತ್ತದೆ. ದಪ್ಪ ಕಾಗದ ನೆಟ್ಟಗೆ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ರಾಶಿ ಬೀಳುವ ಹಳೆಯ ಮದುವೆ ಆಮಂತ್ರಣ ಪತ್ರಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಅದನ್ನು ಒಂದು ಅಂಗುಲ ಅಗಲದ ಪಟ್ಟಿಗಳಾಗಿ ನೀವೇ ಕತ್ತರಿಸಿ ಕೊಡಿ. ಮಗು ಒಂದೇ ಕಚ್ಚಿಗೆ ಒಂದು ತುಂಡು ಬೀಳಿಸಲಿ. 'ಟಕ್' ಎಂದು ತುಂಡು ಬಿದ್ದಾಗ ಅದರ ಮುಖ ನೋಡಬೇಕು! ಆ ತುಂಡುಗಳನ್ನು ಅಂಟಿಸಿ ಒಂದು ಮೀನು ಮಾಡಿ. ಸ್ಟ್ರಾ ಕತ್ತರಿಸಿ ಅದರ ತುಂಡುಗಳನ್ನು ಪೋಣಿಸಿದರೆ ಒಂದು ಸರ. ಮುಂದೆ ದಪ್ಪ ಸ್ಕೆಚ್ ಪೆನ್ನಿನ ಗೆರೆ, ಆಮೇಲೆ ಬಾಗಿದ ಗೆರೆ, ವೃತ್ತ.

ಹೆಬ್ಬೆರಳು ಯಾವಾಗಲೂ ಮೇಲಿರಬೇಕು. ಉಗುರಿನ ಮೇಲೆ ಪೆನ್ನಿನಿಂದ ಒಂದು ನಗುಮುಖ ಬರೆಯಿರಿ. "ಈ ಪುಟ್ಟ ನಿನ್ನನ್ನೇ ನೋಡುತ್ತಿರಬೇಕು" ಎಂದು ಹೇಳಿ. ಕೈ ತಿರುಚಿಕೊಂಡರೆ ಪುಟ್ಟನ ಮುಖ ಕಾಣದು, ಮಗು ತಾನೇ ಸರಿಪಡಿಸಿಕೊಳ್ಳುತ್ತದೆ. ವೃತ್ತ ಕತ್ತರಿಸುವಾಗ ಕತ್ತರಿ ತಿರುಗಬಾರದು, ಕಾಗದ ತಿರುಗಬೇಕು. ಕೂತೇ ಕತ್ತರಿಸಬೇಕು, ಕತ್ತರಿ ಹಿಡಿದು ಓಡಬಾರದು, ಕೂದಲು ಮತ್ತು ಬಟ್ಟೆಗೆ ಕತ್ತರಿ ಇಡಬಾರದು ಎಂಬ ಮೂರು ನಿಯಮಗಳನ್ನು ಮೊದಲೇ ಹೇಳಿ. ಮುಗಿದ ಮೇಲೆ ಕತ್ತರಿ ನಿಮ್ಮ ಕಪಾಟಿಗೆ ಸೇರಲಿ.

ವೈದ್ಯರ ಬಳಿ ಹೋಗುವುದು ಯಾವಾಗ?

ಹೆಚ್ಚಿನ ಮಕ್ಕಳಿಗೆ ಕಾಲಾವಕಾಶ ಮತ್ತು ಅಭ್ಯಾಸ ಸಾಕು. ಕೆಲವರಿಗೆ ಅಷ್ಟು ಸಾಲದು. ಕೆಳಗಿನ ಲಕ್ಷಣ ಕಂಡರೆ "ದೊಡ್ಡವನಾದಾಗ ಸರಿಯಾಗುತ್ತದೆ" ಎಂದು ಕಾಯಬೇಡಿ.

ಒಂದೂವರೆ ವರ್ಷಕ್ಕೆ ಮೊದಲೇ ಮಗು ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ದೂರವಿಡುತ್ತಿದ್ದರೆ, ಆ ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರಬಹುದು. ಕೂಡಲೇ ತೋರಿಸಿ. ನಾಲ್ಕು ದಾಟಿದರೂ ವೃತ್ತ ಬರೆಯಲಾಗದಿದ್ದರೆ, ಐದು ದಾಟಿದರೂ ಪೆನ್ಸಿಲನ್ನು ಮುಷ್ಟಿಯಲ್ಲೇ ಹಿಡಿದು, ಗುಂಡಿ ಹಾಕಲು, ಕತ್ತರಿ ಹಿಡಿಯಲು ಬಹಳ ಒದ್ದಾಡುತ್ತಿದ್ದರೆ ತೋರಿಸಿ. ಕೈ ನಡುಗುತ್ತಿದ್ದರೆ, ಪದೇ ಪದೇ ಎಡವಿ ಬೀಳುತ್ತಿದ್ದರೆ, ಮೈ ತೀರಾ ಸಡಿಲವಾಗಿದ್ದರೆ, ಪುಸ್ತಕವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿಯುತ್ತಿದ್ದರೆ ತೋರಿಸಿ. ಮೊದಲು ಬರುತ್ತಿದ್ದ ಕೆಲಸ ಈಗ ಬಾರದಂತಾಗಿದ್ದರೆ ಒಂದು ದಿನವೂ ತಡ ಮಾಡಬೇಡಿ. ಎಷ್ಟೋ ಸಲ ದೋಷ ಕೈಯಲ್ಲಿರುವುದಿಲ್ಲ, ಕಣ್ಣಿನಲ್ಲಿರುತ್ತದೆ. ಒಂದು ಕನ್ನಡಕ ಸಮಸ್ಯೆಯನ್ನು ಬಗೆಹರಿಸೀತು.

ನೂರರಲ್ಲಿ ಐದಾರು ಶಾಲಾ ಮಕ್ಕಳಿಗೆ ಅಂಗಾಂಗಗಳ ಹೊಂದಾಣಿಕೆಯಲ್ಲೇ ತೊಂದರೆ ಇರುತ್ತದೆ ಎಂಬುದು ತಜ್ಞರ ಅಂದಾಜು. ಇವರ ಬುದ್ಧಿಗೆ ಏನೂ ಕೊರತೆಯಿಲ್ಲ. ಮಿದುಳಿನ ಆಜ್ಞೆ ಕೈಗೆ ಸಲೀಸಾಗಿ ಇಳಿಯುವುದಿಲ್ಲ, ಅಷ್ಟೇ. ಇಂಥ ಮಕ್ಕಳಿಗೆ ಆಕ್ಯುಪೇಶನಲ್ ಥೆರಪಿಸ್ಟ್ ಎಂಬ ತಜ್ಞರು ಆಟದ ರೂಪದಲ್ಲೇ ತರಬೇತಿ ಕೊಡುತ್ತಾರೆ.

ಖರ್ಚಿನ ಚಿಂತೆಯೇ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ತಪಾಸಣೆ ಉಚಿತ. ವೈದ್ಯ ತಂಡಗಳು ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಬರುತ್ತವೆ. ಬೆಳವಣಿಗೆಯ ವಿಳಂಬವೂ ಅವರು ನೋಡುವ ವಿಷಯಗಳಲ್ಲಿ ಒಂದು. ಮಗು ಖಾಸಗಿ ಶಾಲೆಯಲ್ಲಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಮಗುವನ್ನು ತಜ್ಞರಿಗೆ ತೋರಿಸುವುದು ನಾಚಿಕೆಯ ವಿಷಯವಲ್ಲ. ನೆಂಟರು ಏನೆಂದಾರು ಎಂಬ ಅಂಜಿಕೆಯಲ್ಲಿ ಮಗುವಿನ ಅಮೂಲ್ಯ ವರ್ಷಗಳನ್ನು ಕಳೆಯಬೇಡಿ.

ಟೀಚರ್ ಜೊತೆ ಮಾತಾಡಿ

ಜಗಳಕ್ಕಲ್ಲ, ಮಾತಿಗೆ ಹೋಗಿ. ತಂದೆಯೂ ಜೊತೆಗೆ ಹೋದರೆ ಒಳ್ಳೆಯದು. ಮಗುವಿನ ಓದು ತಾಯಿಯೊಬ್ಬಳ ಹೊರೆಯಲ್ಲ. ಐವತ್ತು ಮಕ್ಕಳನ್ನು ಸಂಭಾಳಿಸುವ ಟೀಚರಿಗೆ ನಿಮ್ಮ ಮಗುವಿನ ಕಷ್ಟ ತಿಳಿಯದೆ ಹೋಗಿರಬಹುದು. "ಒಂದು ಪುಟದ ಬದಲು ಎರಡು ಸಾಲು ಬರೆಯಲಿ, ಉಳಿದುದನ್ನು ಬಾಯಲ್ಲಿ ಹೇಳಲಿ" ಎಂದು ವಿನಂತಿಸಿ. ಮನೆಯಲ್ಲಿ ಏನೇನು ಮಾಡಿಸುತ್ತಿದ್ದೀರಿ ಎಂದು ತಿಳಿಸಿ. ಒಪ್ಪುವ ಟೀಚರುಗಳೇ ಹೆಚ್ಚು. ಮದರಸದ ಉಸ್ತಾದರಿಗೂ ಇದೇ ಮಾತು ಹೇಳಿಡಿ. ಅಣ್ಣನ ಅಕ್ಷರಕ್ಕೋ ಚಿಕ್ಕಪ್ಪನ ಮಗಳ ಅಕ್ಷರಕ್ಕೋ ಹೋಲಿಸುವುದನ್ನು ಮಾತ್ರ ಈ ದಿನವೇ ಬಿಟ್ಟುಬಿಡಿ.

ನಮ್ಮ ಪಕ್ಕದ ಮನೆಯ ಹುಡುಗನ ಕತೆ ಏನಾಯಿತು ಎಂದು ನೀವು ಕೇಳಬಹುದು. ಆ ತಾಯಿ ಮೊದಲು ಬೆತ್ತವನ್ನು ಒಲೆಗೆ ಹಾಕಿದಳು. ಸಂಜೆಯ ಬರವಣಿಗೆ ಹತ್ತು ನಿಮಿಷಕ್ಕೆ ಇಳಿಯಿತು. ಉಳಿದ ಹೊತ್ತು ಹುಡುಗ ಅಜ್ಜಿಯ ಪಕ್ಕದಲ್ಲಿ ಕೂತು ಪತ್ತಿರಿ ಹಿಟ್ಟು ನಾದಿದ, ಬಟಾಣಿ ಸುಲಿದ, ಅಂಗಳದ ಗೋಡೆಗೆ ನೀರಿನ ಬಣ್ಣ ಹೊಡೆದ. ಮೊದಲ ಎರಡು ತಿಂಗಳು ಏನೂ ಬದಲಾಗಲಿಲ್ಲ. ಆಕೆ ಎರಡು ಸಲ ಸೋತು ಬಂದು ಕೂತಳು. ಮೂರನೇ ತಿಂಗಳಿನಲ್ಲಿ ಬೆಳಗಿನ ಹೊಟ್ಟೆನೋವು ನಿಂತಿತು. ಅಕ್ಷರಕ್ಕಿಂತ ಮೊದಲು ಸುಧಾರಿಸಿದ್ದು ಅದು.

ಯುಕೆಜಿ ಮುಗಿಯುವ ಹೊತ್ತಿಗೆ ಒಂದು ಸಂಜೆ ಅವನು ನಮ್ಮ ಮನೆಗೆ ಓಡಿ ಬಂದ. ಕೈಯಲ್ಲಿ ಹಳೆಯ ಮದುವೆ ಪತ್ರದಿಂದ ಕತ್ತರಿಸಿದ ಒಂದು ನಕ್ಷತ್ರ. ಒಂದು ಮೂಲೆ ಉದ್ದ, ಇನ್ನೊಂದು ಗಿಡ್ಡ. ಹಿಂದೆ ಅವನ ಹೆಸರು, ಸ್ವಲ್ಪ ಸೊಟ್ಟ. "ನಾನೇ ಮಾಡಿದ್ದು. ಉಮ್ಮ ಹಿಡಿಯಲೇ ಇಲ್ಲ" ಎಂದ. ಅವನ ಅಕ್ಷರ ಈಗಲೂ ಮುತ್ತಿನಂತಿಲ್ಲ. ಆದರೆ ಅವನು 'ನಾನು ದಡ್ಡನಾ?' ಎಂದು ಕೇಳುವುದಿಲ್ಲ.

ಈ ಸಂಜೆ ಮಗು ಪುಸ್ತಕ ತೆರೆದಾಗ ಮೊದಲು ಅದರ ಪುಟ್ಟ ಕೈಯನ್ನು ನಿಮ್ಮ ಅಂಗೈಯಲ್ಲಿ ಇಟ್ಟು ನೋಡಿ. ಎಷ್ಟು ಮೆದು, ಎಷ್ಟು ಚಿಕ್ಕದು! ಆಮೇಲೆ ಎಷ್ಟು ಸಾಲು ಬರೆಸಬೇಕೆಂದು ನೀವೇ ತೀರ್ಮಾನಿಸಿ.